ಗುಡಿಸಲಿಗೆ ಬಿದ್ದ ಬೆಂಕಿ, ಹೆಂಚಿಗೆ ಬಂದ ದುಡ್ಡು

ನಮ್ಮ ಚಿಕ್ಕಪ್ಪನ ಮನೆಯವರು ಏಸುವಿನ ಕಡೆ ಹೋದವರು. ನಾನು ಯಾವ ದೇವರ ಕಡೆಗೂ ಹೋದವನಲ್ಲ. ನಮ್ಮ ಮನೆ ಗೋಡೆಯ ಮೇಲಿರೋದು ಬಾಬಾಸಾಹೇಬರ ಪಟ ಒಂದೇ. ಆದರೂ ಚಿಕ್ಕಪ್ಪನ ಕೇರಿಯ ಹತ್ತು ಹನ್ನೆರಡು ಮನೆಯವರು ಸೇರಿ ಒಂದು ಪ್ರಾರ್ಥನೆ ಮನೆ ಕಟ್ಟೋಕೆ ಹೊರಟಾಗ ಇಟ್ಟಿಗೆ ಹೊರಲು ನಾನೂ ಹೋಗಿದ್ದೆ. ನಾಲ್ಕು ಗೋಡೆ, ಮೇಲೆ ಶೀಟು. ಅಷ್ಟೇ. ಊರ ಗೌಡರ ದನದ ಕೊಟ್ಟಿಗೆ ಅದಕ್ಕಿಂತ ದೊಡ್ಡದು.

ಗೋಡೆ ಎದೆಮಟ್ಟ ಎದ್ದಿತ್ತು. ಊರೊಳಗಿಂದ ಒಂದಷ್ಟು ಜನ ಬಂದರು. ಸುತ್ತ ಒಂದು ರೌಂಡು ಹಾಕಿ, "ಇಷ್ಟೆಲ್ಲ ಕಟ್ಟೋಕೆ ದುಡ್ಡು ಯಾವ ದೇಶದಿಂದ ಬಂತ್ರೋ?" ಅಂತ ಕೇಳಿದರು. ಚಿಕ್ಕಪ್ಪ ಕರಣೆ ಹಿಡಿದುಕೊಂಡೇ ತಲೆ ತಗ್ಗಿಸಿ ನಿಂತ. ಚಿಕ್ಕಮ್ಮ ಸೆರಗಿಗೆ ಕೈ ಒರೆಸಿಕೊಂಡು, "ಸಂಘದ ಸಾಲ ಬುದ್ಧಿ. ವಾರವಾರ ಕಟ್ತಾ ಇವ್ವಿ. ಬೇಕಾದ್ರೆ ಪಾಸ್‌ಬುಕ್ಕು ತತ್ತೀನಿ, ನೋಡಿ" ಅಂದಳು. ಪಾಸ್‌ಬುಕ್ಕು ನೋಡೋಕೆ ಯಾರೂ ನಿಲ್ಲಲಿಲ್ಲ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಎದೆಮಟ್ಟದ ಗೋಡೆ ಮೊಣಕಾಲುಮಟ್ಟ ಆಗಿತ್ತು.

ಆವತ್ತಿನಿಂದ ಆ ಪ್ರಶ್ನೆ ನನ್ನ ತಲೆ ತಿನ್ನುತ್ತಿದೆ. ದುಡ್ಡು ಎಲ್ಲಿಂದ ಬಂತು? ಕೇಳಿದವರಿಗೆ ಉತ್ತರ ಬೇಕಿರಲಿಲ್ಲ, ಸರಿ. ಆದರೆ ನಮಗೆ ಬೇಕಲ್ಲ! ತುಳಿಸಿಕೊಂಡವರು ತಲೆಯ ಮೇಲೆ ಒಂದು ಸೂರು ಎತ್ತಲು ಹೊರಟಾಗ ಆ ಸೂರಿಗೆ ಯಾರು ಯಾರು ಕೊಟ್ಟರು, ಕೊಟ್ಟವರು ಬದಲಿಗೆ ಏನು ಕೇಳಿದರು, ಎತ್ತಿದ ಸೂರಿನ ಕೀಲಿಕೈ ಯಾರ ಸೊಂಟದಲ್ಲಿ ಉಳಿಯಿತು? ಈ ಲೆಕ್ಕವನ್ನು ನಮ್ಮ ಇತಿಹಾಸದ ಮೇಷ್ಟ್ರುಗಳು ನಮಗೆ ಹೇಳಿಕೊಡಲಿಲ್ಲ. ಅವರು ಹೇಳಿಕೊಟ್ಟದ್ದು ಬೇಲೂರಿಗೆ ಯಾವ ದೊರೆ ಎಷ್ಟು ದತ್ತಿ ಬಿಟ್ಟ ಎಂಬುದನ್ನು. ಆದ್ದರಿಂದ ನಾನೇ ಹುಡುಕಿಕೊಂಡು ಹೋದೆ. ಘಟ್ಟದ ಆಚೆ, ತಿರುವಾಂಕೂರಿಗೆ. ಇದೇ ಪ್ರಶ್ನೆಯನ್ನು ಅಲ್ಲಿ ಇನ್ನೂರು ವರ್ಷಗಳ ಹಿಂದೆಯೇ ಕೇಳಿದ್ದರು. ಬೆಂಕಿಯ ಲೆಕ್ಕವೂ ದುಡ್ಡಿನ ಲೆಕ್ಕವೂ ಅಲ್ಲಿ ಬರೆದಿಟ್ಟುಕೊಂಡಿದೆ.

ಮೈಲಾಡಿಯ ಮಹಾರಾಸನ್

ಇಂದಿನ ಕನ್ಯಾಕುಮಾರಿ ಜಿಲ್ಲೆಯ ಮೈಲಾಡಿ 1956ರವರೆಗೆ ತಿರುವಾಂಕೂರಿನ ಕಡೆಗೆ ಸೇರಿತ್ತು. ಅಲ್ಲಿ ಹದಿನೆಂಟನೇ ಶತಮಾನದ ಕೊನೆಯಲ್ಲಿ ಮಹಾರಾಸನ್ ಎಂಬುವನೊಬ್ಬನಿದ್ದ. ಹೆಸರಿನಲ್ಲಿ ಮಹಾರಾಜ, ಜಾತಿಯಲ್ಲಿ ಸಾಂಬವ, ಅಂದರೆ ಪರೆಯ. ನಮ್ಮ ಕಡೆಯ ಲೆಕ್ಕಕ್ಕೆ ಹೊಲೆಯ. ದೈವಭಕ್ತ. ದೇವರನ್ನು ಹುಡುಕಿಕೊಂಡು ಚಿದಂಬರಕ್ಕೆ ಹೋದ. ನಂದನಾರನ ಕಥೆ ಗೊತ್ತಿರುವವರಿಗೆ ಚಿದಂಬರದ ಬಾಗಿಲು ಎಂದರೆ ಏನೆಂದು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ಮನಸ್ಸು ನಿಲ್ಲದೆ ತಂಜಾವೂರಿಗೆ ನಡೆದ. ಅಲ್ಲಿ ಅವನ ಸಂಬಂಧಿಕರು ಕ್ರೈಸ್ತರಾಗಿದ್ದರು. ಅಲ್ಲೇ ದೀಕ್ಷಾಸ್ನಾನ ಪಡೆದು ವೇದಮಾಣಿಕ್ಯಂ ಎಂಬ ಹೆಸರು ಹೊತ್ತು ಊರಿಗೆ ಬಂದ.

ಗಮನಿಸಬೇಕು ಗೆಳೆಯರೇ. ಮೈಲಾಡಿಗೆ ಆಗ ಯಾವ ಬಿಳಿಯನೂ ಬಂದಿರಲಿಲ್ಲ. ಡಾಲರೂ ಬಂದಿರಲಿಲ್ಲ, ಪೌಂಡೂ ಬಂದಿರಲಿಲ್ಲ. ಒಬ್ಬ ಹೊಲೆಯ ತಾನಾಗಿ ನಡೆದು ಹೋಗಿ ಒಂದು ಮಾತನ್ನು ಹೊತ್ತುಕೊಂಡು ಬಂದ. ಊರಿನವರು ಅವನನ್ನೂ ಅವನ ಜೊತೆ ನಿಂತ ನಾಲ್ಕಾರು ಮನೆಯವರನ್ನೂ ಹಿಂಸಿಸತೊಡಗಿದ ಮೇಲೆ ಅವನೇ ಮಿಷನರಿಯನ್ನು ಕರೆಯಲು ಹೋದ. ಲಂಡನ್ ಮಿಷನ್ನಿನ ಕೆಲಸಕ್ಕೆ ಬಂದಿದ್ದ ಜರ್ಮನ್ ಪಾದ್ರಿ ರಿಂಗಲ್‌ಟೌಬೆ 1806ರಲ್ಲಿ ಆರಲ್‌ವಾಯ್ಮೊಳಿ ಕಣಿವೆ ದಾಟಿ ಮೈಲಾಡಿಗೆ ಬಂದದ್ದು ಹೀಗೆ. ಮಿಷನರಿ ಬಂದು ಹೊಲೆಯನನ್ನು ಹುಡುಕಲಿಲ್ಲ, ಹೊಲೆಯನೇ ಹೋಗಿ ಮಿಷನರಿಯನ್ನು ಕರೆತಂದ.

ಒಂದು ಪ್ರಾರ್ಥನಾ ಮಂದಿರ ಕಟ್ಟಬೇಕು ಅಂದಾಗ ಅಡ್ಡ ಬಂದದ್ದು ದುಡ್ಡಲ್ಲ, ಅಪ್ಪಣೆ. ದಿವಾನ ವೇಲುತಂಬಿ ಅಪ್ಪಣೆ ಕೊಡಲಿಲ್ಲ. ಇದೇ ವೇಲುತಂಬಿ 1809ರಲ್ಲಿ ಕಂಪನಿಯ ವಿರುದ್ಧ ಬಂಡೆದ್ದ, ಸೆರೆ ಸಿಗದೆ ಪ್ರಾಣ ಬಿಟ್ಟ. ನಮ್ಮ ಪಠ್ಯಪುಸ್ತಕಗಳ ವೀರ. ಅವನ ಶೌರ್ಯವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಕುಂಡರದಲ್ಲಿ ಅವನು ಹೊರಡಿಸಿದ ಘೋಷಣೆಯಲ್ಲಿ ಜನರಿಗೆ ಹುಟ್ಟಿಸಿದ ಭಯಗಳಲ್ಲಿ ದೇವಸ್ಥಾನಗಳ ಮೇಲೆ ಶಿಲುಬೆ ಬರುತ್ತದೆ ಎಂಬುದೂ ಒಂದು. ಪರದೇಶಿಯ ವಿರುದ್ಧ ಕತ್ತಿ ಎತ್ತಿದ ಕೈಯೇ ಊರ ಹೊಲೆಯ ಒಂದು ಗೋಡೆ ಎತ್ತುವುದನ್ನು ತಡೆದಿತ್ತು. ಹಾಗಾದರೆ ಮಹಾರಾಸನ್‌ಗೆ ಯಾವುದು ದೇಶ? ಯಾರು ಪರದೇಶಿ? ಈ ಪ್ರಶ್ನೆ ಕೇಳಿದರೆ ಇವತ್ತಿಗೂ ನಮ್ಮನ್ನು ದೇಶದ್ರೋಹಿಗಳು ಅಂತಾರೆ.

ವೇಲುತಂಬಿ ಬಿದ್ದ ಮೇಲೆ ಬ್ರಿಟಿಷ್ ರೆಸಿಡೆಂಟ್ ಮೆಕಾಲೆಯ ಒತ್ತಾಸೆಯಿಂದ ಅಪ್ಪಣೆ ಸಿಕ್ಕಿತು. ಇವನು ಇಂಗ್ಲಿಷ್ ಶಿಕ್ಷಣದ ಮೆಕಾಲೆ ಅಲ್ಲ, ಅವನ ದೊಡ್ಡಪ್ಪ. 1809ರಲ್ಲಿ ಮೈಲಾಡಿಯಲ್ಲಿ ಮಂದಿರ ಎದ್ದಿತು. ರಿಂಗಲ್‌ಟೌಬೆ ತನ್ನ ಸಂಬಳವನ್ನೆಲ್ಲ ಜನರಿಗೇ ಸುರಿದು ತಾನು ಹರಕಲು ಬಟ್ಟೆಯಲ್ಲಿ ತಿರುಗುತ್ತಿದ್ದವನು. 1816ರಲ್ಲಿ ಅವನು ಹೊರಟು ಹೋದಾಗ ಸಭೆಗಳ ಹೊಣೆಯನ್ನು ವೇದಮಾಣಿಕ್ಯಂಗೆ ಒಪ್ಪಿಸಿದ. ಒಬ್ಬ ಪರೆಯ ಊರೂರಿನ ಸಭೆಗಳ ಹಿರಿಯನಾದ. ಇದು ನಡೆದದ್ದು 1816ರಲ್ಲಿ. ಪುಣೆಯಲ್ಲಿ ಆಗಿನ್ನೂ ಪೇಶ್ವೆಗಳ ಆಳ್ವಿಕೆ. ಜೋತಿಬಾ ಫುಲೆ ಹುಟ್ಟಲು ಇನ್ನೂ ಹನ್ನೊಂದು ವರ್ಷ ಇತ್ತು.

ಅರಮನೆಯ ಕೊಡುಗೆ

ಮುಂದಿನ ದುಡ್ಡು ಯಾವ ದೇಶದ್ದು ಗೊತ್ತೇ? ತಿರುವಾಂಕೂರಿನದೇ! ರಾಣಿ ಗೌರಿ ಪಾರ್ವತಿ ಬಾಯಿ 1818ರ ಸುಮಾರಿಗೆ ಲಂಡನ್ ಮಿಷನ್ನಿಗೆ 5000 ರೂಪಾಯಿ ಕೊಟ್ಟಳು. ಆ ದುಡ್ಡಿಗೆ ಗದ್ದೆ ಕೊಂಡು, ಗದ್ದೆಯ ಹುಟ್ಟುವಳಿಯಲ್ಲಿ ನಾಗರಕೋಯಿಲಿನ ಸೆಮಿನರಿ ನಡೆಯಿತು. 1819ರಲ್ಲಿ ಅಲ್ಲಿ ದೊಡ್ಡ ಕಲ್ಲಿನ ಚರ್ಚಿಗೆ ತಳಪಾಯ ಬಿದ್ದಾಗ ಕಲ್ಲು ಸಾಗಿಸಲು ಅರಮನೆಯ ಆನೆ ಬಂತು ಎಂದು ಮಿಷನ್ನಿನವರು ಬರೆದಿಟ್ಟಿದ್ದಾರೆ.

ಹಾಗಂತ ರಾಣಿಗೆ ನಮ್ಮವರ ಮೇಲೆ ಪ್ರೀತಿ ಉಕ್ಕಿತು ಅಂದುಕೊಳ್ಳಬೇಡಿ. ಕಂಪನಿಯ ರೆಸಿಡೆಂಟ್ ಮನ್ರೋ ಪಕ್ಕದಲ್ಲೇ ಕೂತಿದ್ದ. ಅವನೇ ಕೆಲವು ವರ್ಷ ದಿವಾನನೂ ಆಗಿದ್ದವನು. ದೊಡ್ಡವರು ದೊಡ್ಡವರಿಗೆ ಕೊಟ್ಟ ಕೊಡುಗೆ ಅದು. ಆದರೂ ಒಂದು ಮಾತು ಇಲ್ಲಿ ಕೇಳಲೇಬೇಕು. ಅರಮನೆಯ ಬೊಕ್ಕಸಕ್ಕೆ ಆ 5000 ಎಲ್ಲಿಂದ ಬಂತು?

ಆ ರಾಜ್ಯ ತನ್ನನ್ನು ಧರ್ಮರಾಜ್ಯ ಎಂದು ಕರೆದುಕೊಳ್ಳುತ್ತಿತ್ತು. ಬ್ರಾಹ್ಮಣರಿಗೆ ಪುಕ್ಕಟೆ ಊಟ ಹಾಕುವ ಊಟ್ಟುಪುರಗಳು ರಾಜ್ಯದ ಉದ್ದಕ್ಕೂ ಇದ್ದವು. ಆರು ವರ್ಷಕ್ಕೊಮ್ಮೆ 56 ದಿನಗಳ ಮುರಜಪ ನಡೆಯುತ್ತಿತ್ತು. ಮಿಷನರಿ ಸ್ಯಾಮ್ಯುಯೆಲ್ ಮೇಟೀರ್ 1871ರಲ್ಲಿ ತಿರುವಾಂಕೂರಿನ ಬಗ್ಗೆ ಬರೆದ ಪುಸ್ತಕಕ್ಕೆ 'ದಾನಧರ್ಮದ ನಾಡು' ಎಂಬರ್ಥದ ಹೆಸರನ್ನೇ ಇಟ್ಟ. ಈ ದಾನಕ್ಕೆ ದುಡ್ಡು ಕೊಟ್ಟವರು ಯಾರು? ತಾಳೆಮರ ಹತ್ತಿ ಎದೆಯ ಚರ್ಮ ಸುಲಿಸಿಕೊಂಡ ನಾಡಾರರು. ತಲೆಗಂದಾಯ ಕಟ್ಟಿದ ಈಳವರು. ಕೂಲಿಯಿಲ್ಲದೆ ಬಿಟ್ಟಿ ದುಡಿದ, ಅಲ್ಲಿ ಅದಕ್ಕೆ ಊಳಿಯಂ ಅಂತಾರೆ, ಲಕ್ಷಾಂತರ ಕೈಗಳು. ಕೆಸರಿನಲ್ಲಿ ಎತ್ತಿನ ಜೊತೆ ನೊಗಕ್ಕೆ ಹೆಗಲು ಕೊಟ್ಟ ಪುಲಯರು. ಇವರ ಬೆವರಿನಲ್ಲಿ ಎದ್ದ ದೇವಸ್ಥಾನಗಳ ಬಾಗಿಲು ಇವರಿಗೆ 1936ರ ನವೆಂಬರ್ 12ರವರೆಗೆ ತೆರೆಯಲಿಲ್ಲ. ಆ ಗೋಪುರಗಳನ್ನು ತೋರಿಸಿ ದುಡ್ಡು ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ. ಪ್ರಶ್ನೆ ಯಾವಾಗಲೂ ಬೀಳುವುದು ಕೇರಿಯ ಗೋಡೆಗೆ.

ಬೆಂಕಿ

ಮೈಲಾಡಿಯ ನಂತರ ಊರೂರಿನಲ್ಲಿ ಎದ್ದ ಮಂದಿರಗಳು ನಾಗರಕೋಯಿಲಿನಂಥ ಕಲ್ಲಿನ ಕಟ್ಟಡಗಳಲ್ಲ. ಮಣ್ಣಿನ ಗೋಡೆ, ತಾಳೆಗರಿಯ ಮಾಡು. ಭಾನುವಾರ ಪ್ರಾರ್ಥನೆ, ಉಳಿದ ದಿನ ಶಾಲೆ. ಗರಿ ಕಡಿದು ತಂದವರು ಸಭೆಯವರೇ, ಗೋಡೆ ಮೆತ್ತಿದವರೂ ಅವರೇ. ಹೆಂಗಸರು ಅನ್ನಕ್ಕೆ ಅಕ್ಕಿ ಹಾಕುವಾಗ ಒಂದು ಹಿಡಿ ತೆಗೆದು ಬೇರೆ ಗಡಿಗೆಗೆ ಹಾಕುತ್ತಿದ್ದರು. ಮಲೆಯಾಳದಲ್ಲಿ ಅದಕ್ಕೆ ಪಿಡಿಯರಿ ಅಂತಾರೆ, ಹಿಡಿಯಕ್ಕಿ. ಗಡಿಗೆ ತುಂಬಿದಾಗ ಸಭೆಗೆ ಹೋಗುತ್ತಿತ್ತು. ಎರಡು ಹೊತ್ತು ಗಂಜಿಗೆ ಗತಿಯಿಲ್ಲದ ಮನೆಯ ಹಿಡಿಯಕ್ಕಿ ಅದು!

ಇಂಥ ಮಂದಿರಗಳಿಗೆ 1820ರ ದಶಕದ ಕೊನೆಯಲ್ಲಿ ಕಲ್ಕುಳಂ, ಇರಣಿಯಲ್ ಕಡೆ ಬೆಂಕಿ ಬಿತ್ತು. ಕಾರಣ ಏನು? ನಾಡಾರ್ ಕ್ರೈಸ್ತ ಹೆಂಗಸರು ಎದೆಯ ಮೇಲೆ ಬಟ್ಟೆ ಹೊದ್ದರು. ಅಷ್ಟೇ. ಮೇಲುಜಾತಿಯವರ ಎದುರು ಕೆಳಜಾತಿಯ ಹೆಣ್ಣು ಎದೆ ಮುಚ್ಚಕೂಡದು ಎಂಬುದು ಆ ಧರ್ಮರಾಜ್ಯದ ಕಾನೂನು. ಸಂತೆಯಲ್ಲಿ ಹೆಂಗಸರ ರವಿಕೆ ಹರಿದರು. ಹೆಂಗಸರ ಮಾನಕ್ಕೂ ಗುಡಿಸಲ ಮಾಡಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಆ ಬಟ್ಟೆ ಹೊಲಿಯುವುದನ್ನು ಕಲಿಸಿದ್ದು, ಹೊದ್ದು ಕೂರಲು ಜಾಗ ಕೊಟ್ಟದ್ದು, ಅಕ್ಷರ ತಿದ್ದಿಸಿದ್ದು ಆ ಗರಿಮಾಡಿನ ಕೆಳಗೆ. ಒಟ್ಟಿಗೆ ಕೂತ ಜನ ಒಟ್ಟಿಗೆ ಏಳುತ್ತಾರೆ. ಬೆಂಕಿ ಇಟ್ಟವರಿಗೆ ಇದು ನಮ್ಮ ಪ್ರೊಫೆಸರುಗಳಿಗಿಂತ ಚೆನ್ನಾಗಿ ಅರ್ಥವಾಗಿತ್ತು.

ಸರ್ಕಾರ ಏನು ಮಾಡಿತು? 1829ರ ಫೆಬ್ರವರಿ 3ರಂದು ರಾಜಾಜ್ಞೆ ಹೊರಟಿತು. ಶಾಣಾರ್ ಹೆಂಗಸರು, ಆಗ ನಾಡಾರರನ್ನು ಕರೆಯುತ್ತಿದ್ದ ಹೆಸರು ಅದು, ಮೇಲುಜಾತಿಯವರಂತೆ ಮೇಲ್ವಸ್ತ್ರ ಹೊದೆಯಕೂಡದು. ಬಿಟ್ಟಿ ಚಾಕರಿ ತಪ್ಪಿಸಕೂಡದು. ಸರ್ಕಾರದ ಅಪ್ಪಣೆ ಇಲ್ಲದೆ ಮಂದಿರ ಕಟ್ಟಕೂಡದು. ಮೂರನ್ನೂ ಒಂದೇ ಆಜ್ಞೆಯಲ್ಲಿ ಇಟ್ಟಿದ್ದಾರೆ ನೋಡಿ. ಬಟ್ಟೆ, ದುಡಿಮೆ, ಕಟ್ಟಡ. ಸುಟ್ಟವರ ಮೇಲೆ ಬೀಳಬೇಕಾದ ಕಾನೂನು ಸುಡಿಸಿಕೊಂಡವರ ಮೇಲೆ ಬಿತ್ತು. ಗುಡಿಸಲು ಸುಟ್ಟು ಹೋದಮೇಲೆ ಇನ್ನೊಂದು ಕಟ್ಟಲು ಅರ್ಜಿ ಹಾಕು ಅಂದರು.

ಮೂವತ್ತು ವರ್ಷದ ಮೇಲೆ ಮತ್ತೆ ಅದೇ. 1858ರ ಅಕ್ಟೋಬರಿನಿಂದ 1859ರ ಫೆಬ್ರವರಿಯೊಳಗೆ ಒಂಬತ್ತು ಮಂದಿರಗಳನ್ನೂ ಮೂರು ಶಾಲೆಗಳನ್ನೂ ಸುಟ್ಟರು. ಮದ್ರಾಸಿನ ಗವರ್ನರ್ ಟ್ರೆವೆಲಿಯನ್ ಗದರಿಸಿದ ಮೇಲೆ 1859ರ ಜುಲೈ 26ರಂದು ಹೊಸ ಆಜ್ಞೆ ಬಂತು. ಎದೆ ಮುಚ್ಚಬಹುದು, ಆದರೆ ಮೇಲುಜಾತಿಯವರ ರೀತಿಯಲ್ಲಿ ಅಲ್ಲ! ಹೆಣ್ಣಿನ ಮಾನಕ್ಕೂ ಜಾತಿಯ ಅಳತೆಗೋಲು ಹಿಡಿದ ವ್ಯವಸ್ಥೆ ಇದು.

ಹೆಂಚು

ಗರಿಯ ಮಾಡನ್ನು ಒಂದು ಬೀಡಿಯ ಕಿಡಿಯೂ ಸುಡಬಲ್ಲದು. ಹೆಂಚನ್ನು ಸುಡಲಾಗದು. ಅದು ಸುಟ್ಟೇ ಬಂದದ್ದು. ಆದ್ದರಿಂದ ಮಂದಿರದ ಕನಸು ಎಂದರೆ ಹೆಂಚಿನ ಕನಸು. ಆದರೆ ಕೆಳಜಾತಿಯವರು ಮಹಡಿ ಕಟ್ಟಕೂಡದು, ಹೆಂಚು ಹೊದಿಸಕೂಡದು, ಕೊಡೆ ಹಿಡಿಯಕೂಡದು, ಮೆಟ್ಟು ಮೆಟ್ಟಕೂಡದು ಎಂಬುದು ಆ ಸೀಮೆಯ ಕಟ್ಟಳೆ. ಹೆಂಚಿನ ಮಾಡು ದೇವರಿಗೆ, ದೊರೆಗೆ, ದೊಡ್ಡವರಿಗೆ. ಕೆಳಗಿನವನ ತಲೆಯ ಮೇಲೆ ಹೆಂಚು ಬಂದರೆ ಅದು ಬರೀ ಮಾಡಲ್ಲ, ಬಂಡಾಯ.

ಈ ಹೆಂಚಿನ ಕಥೆ ನಮ್ಮ ಮಂಗಳೂರಿಗೂ ಬರುತ್ತದೆ. ಬಾಸೆಲ್ ಮಿಷನ್ 1834ರಲ್ಲಿ ಮಂಗಳೂರಿಗೆ ಬಂತು. ಮತ ಬದಲಾಯಿಸಿದವರಿಗೆ, ಬಹುಪಾಲು ಬಿಲ್ಲವರಿಗೆ, ಮೊದಲು ಹೋದದ್ದು ಮನೆ, ಆಮೇಲೆ ಗೇಣಿ, ಆಮೇಲೆ ಕೂಲಿ. ದೇವರನ್ನು ಕೊಟ್ಟರೆ ಸಾಲದು, ಅನ್ನಕ್ಕೆ ದಾರಿ ಬೇಕು ಎಂದು ಮಿಷನ್ನಿಗೆ ತಿಳಿಯಿತು. 1851ರಲ್ಲಿ ನೇಯ್ಗೆ ಕಾರ್ಖಾನೆ ಬಂತು. 1865ರಲ್ಲಿ ಪ್ಲೆಬ್ಸ್ಟ್ ಎಂಬುವನು ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ. ಊರು ಹೊರಗಿಟ್ಟವರು ನೇತ್ರಾವತಿಯ ಜೇಡಿಮಣ್ಣು ತುಳಿದು, ಅಚ್ಚು ಹಾಕಿ, ಸುಟ್ಟು ತೆಗೆದ ಹೆಂಚೇ ಮಂಗಳೂರು ಹೆಂಚು. ಪಶ್ಚಿಮ ಕರಾವಳಿಯುದ್ದಕ್ಕೂ ಅದು ಹರಡಿತು. ಹಿಂದೆ ದೊರೆಯ ಅಪ್ಪಣೆ ಬೇಕಿದ್ದ ಮಾಡು ದುಡ್ಡು ಕೊಟ್ಟವನಿಗೆ ಸಿಗುವ ಸರಕಾಯಿತು. ಕಾರ್ಖಾನೆಯ ಲಾಭ ಮಿಷನ್ನಿಗೆ ಹೋಯಿತು. ಅದರಲ್ಲಿ ಪಾದ್ರಿಯ ಸಂಬಳವೂ ಶಾಲೆಯೂ ಇತ್ತು, ಆ ಹೆಂಚು ತುಳಿದವನ ಬೆನ್ನುನೋವೂ ಇತ್ತು. ಕೂಲಿ ಕೊಡುವ ಸಾಹುಕಾರನೂ ಪಾಪ ಕ್ಷಮಿಸುವ ಗುರುವೂ ಒಬ್ಬನೇ ಆದಾಗ ಕೂಲಿಯವನು ದನಿ ಎತ್ತುವುದು ಎಷ್ಟು ಕಷ್ಟ, ಯೋಚಿಸಿ.

ಇನ್ನು ಆ 'ವಿದೇಶಿ ಹಣ'. ಅದರ ಒಂದು ಪಾಲು ಎಲ್ಲಿಂದ ಬರುತ್ತಿತ್ತು ಎಂಬುದನ್ನು ಓದಿ ನಾನು ಸುಮ್ಮನೆ ಕೂತುಬಿಟ್ಟೆ. 1855ರಲ್ಲಿ ಬಾಸೆಲ್ ಊರಿನ ಕಾರ್ಲ್ ಸರಾಸಿನ್ ಎಂಬ ರೇಷ್ಮೆ ಪಟ್ಟಿಯ ಕಾರ್ಖಾನೆಯವನು ಒಂದು ಚಂದಾ ಪದ್ಧತಿ ತಂದ. ಅರ್ಧ ಬಾಟ್ಸೆನ್ ವಂತಿಗೆ ಅಂತ ಅದರ ಹೆಸರು. ಅರ್ಧ ಬಾಟ್ಸೆನ್ ಅಂದರೆ ಚಿಲ್ಲರೆ ಕಾಸು, ಐದು ಸಾಂಟಿಮಿನಷ್ಟು. ವಾರಕ್ಕೆ ಅಷ್ಟೇ ಕೊಡಬೇಕು. ಒಬ್ಬರು ಹತ್ತು ಜನರ ಹತ್ತಿರ ಎತ್ತಿ ತರುವುದು. ಸ್ವಿಟ್ಜರ್ಲೆಂಡಿನ, ದಕ್ಷಿಣ ಜರ್ಮನಿಯ ಮನೆಗೆಲಸದ ಹೆಂಗಸರು, ರೈತರು, ಕೈಕಸುಬಿನವರು ವಾರವಾರ ಕೊಟ್ಟ ಕಾಸು ಅದು. ನನ್ನ ಚಿಕ್ಕಮ್ಮನ ಸಂಘದ ಕಂತಿನ ಹಾಗೆ! ಸಮುದ್ರದ ಆಚೆಯ ಬಡವಿಯೊಬ್ಬಳ ಚಿಲ್ಲರೆ ಕಾಸೂ ತಿರುವಾಂಕೂರಿನ ಬಡವಿಯೊಬ್ಬಳ ಹಿಡಿಯಕ್ಕಿಯೂ ಅಕ್ಕತಂಗಿಯರು ಅನ್ನಿಸಿತು. ಆದರೆ ಇಬ್ಬರ ನಡುವೆ ಒಂದು ಕಂಪನಿ ಸರ್ಕಾರ ಇತ್ತು, ಒಂದು ಮಿಷನ್ ಕಚೇರಿ ಇತ್ತು, ಒಂದು ಲೆಕ್ಕದ ಪುಸ್ತಕ ಇತ್ತು. ಆ ಪುಸ್ತಕ ಇಬ್ಬರ ಕೈಯಲ್ಲೂ ಇರಲಿಲ್ಲ.

ಹೆಸರು ಮತ್ತು ಕೀಲಿಕೈ

ಕೊಟ್ಟವರು ಏನು ಕೇಳಿದರು? ಹೆಸರು ಕೇಳಿದರು. ತಿರುನೆಲ್ವೇಲಿ ಸೀಮೆಯಲ್ಲಿ ದೋಣಾವೂರು ಎಂಬ ಊರಿದೆ. ಅದು ದೋಣಿಯ ಊರಲ್ಲ. ಪ್ರಷ್ಯದ ಕೌಂಟ್ ದೋನಾ ಎಂಬ ಶ್ರೀಮಂತ ಹಣ ಕಳಿಸಿದ, ಊರು ಅವನ ಹೆಸರಾಯಿತು. ಮಿಷನ್ ಶಾಲೆಗಳಲ್ಲಿ ಓದುವ ಮಕ್ಕಳಿಗೂ, ಊರೂರು ಸುತ್ತುವ ನಮ್ಮ ಉಪದೇಶಿಗಳಿಗೂ ಇಂಗ್ಲೆಂಡಿನಲ್ಲಿ ಅವರ ಖರ್ಚು ಹೊತ್ತವರ ಹೆಸರಿಡುವುದು ರೂಢಿಯಾಗಿತ್ತು. ಒಡೆಯ ಇಟ್ಟ ಹೊಲಸು ಹೆಸರು ಹೋಯಿತು, ದಾನಿಯ ಹೆಸರು ಬಂತು. ಹುಡುಗನ ಸ್ವಂತದ ಹೆಸರು ಯಾವುದು? ಅವನ ಅವ್ವ ಕತ್ತಲಲ್ಲಿ ಕರೆಯುತ್ತಿದ್ದ ಹೆಸರು ಯಾವ ದಾಖಲೆಯಲ್ಲೂ ಇಲ್ಲ.

ಆದರೆ ನಮ್ಮವರ ದುಡಿಮೆಯೇ ನಮ್ಮವರನ್ನು ಬಿಡಿಸಿದ್ದೂ ಉಂಟು. ನಾಗರಕೋಯಿಲಿನಲ್ಲಿ ಮಾರ್ತಾ ಮಾಲ್ಟ್ ಎಂಬ ಹೆಣ್ಣುಮಗಳು 1820ರ ದಶಕದಲ್ಲಿ ಶಾಲೆಯ ಹುಡುಗಿಯರಿಗೆ ಲೇಸು ಹೆಣೆಯುವುದನ್ನು ಕಲಿಸಿದಳು. ಲೇಸು ಮಾರಿದ ದುಡ್ಡಿನಲ್ಲಿ ಶಾಲೆ ನಡೆಯಿತು. ಗುಲಾಮ ಹುಡುಗಿಯರು ಹೆಣೆದು ಗಳಿಸಿ ಒಡೆಯನಿಗೆ ಬೆಲೆ ಕಟ್ಟಿ ಬಿಡುಗಡೆ ಕೊಂಡುಕೊಂಡರು. ತನ್ನನ್ನು ತಾನೇ ಕೊಂಡುಕೊಂಡ ಹುಡುಗಿಯ ಲೆಕ್ಕ ಅದು. ಯಾವ ದೇಶದ ದುಡ್ಡು ಅಂತೀರಿ ಅದನ್ನು?

ಒಳಗಿನ ಗೋಡೆ

ಇಷ್ಟು ಬರೆದು ನಿಲ್ಲಿಸಿದರೆ ನಾನು ಮಿಷನ್ನಿನ ಭಟ್ಟಂಗಿ ಆಗುತ್ತೇನೆ. ಕಥೆಯ ಇನ್ನೊಂದು ಮುಖ ಹೇಳಲೇಬೇಕು.

ಮಧ್ಯ ತಿರುವಾಂಕೂರಿನ ಮಲ್ಲಪ್ಪಳ್ಳಿಯಲ್ಲಿ 1854ರ ಸೆಪ್ಟೆಂಬರ್ 6ರಂದು ತೆಯ್ಯತ್ತಾನ್ ಎಂಬ ಪುಲಯ ಗುಲಾಮ ದೀಕ್ಷಾಸ್ನಾನ ಪಡೆದು ಹಾಬೇಲ್ ಆದ. ಕೊಟ್ಟವರು ಜಾರ್ಜ್ ಮತ್ತನ್ ಎಂಬ ಆ ಸೀಮೆಯ ಪಾದ್ರಿ. ಆಗಿನ್ನೂ ಗುಲಾಮಗಿರಿ ಕಾನೂನಿನಲ್ಲಿ ಹೋಗಿರಲಿಲ್ಲ. ಅದು ಹೋದದ್ದು 1855ರಲ್ಲಿ. ಗುಲಾಮರಿಗಾಗಿ ನಡೆಯುತ್ತಿದ್ದದ್ದು ರಾತ್ರಿ ಶಾಲೆ, ಯಾಕೆಂದರೆ ಹಗಲು ಅವರದಲ್ಲ. ಆ ಗುಡಿಸಲುಗಳನ್ನು ಕಂಡರಾಗದ ಒಡೆಯರಲ್ಲಿ ನಾಯರರು ಮಾತ್ರವಲ್ಲ, ಸಿರಿಯನ್ ಕ್ರೈಸ್ತರೂ ಇದ್ದರು. ಅದೇ ಏಸು, ಅದೇ ಶಿಲುಬೆ! ಗುಲಾಮನೂ ಒಡೆಯನೂ ಒಂದೇ ಬೆಂಚಿನಲ್ಲಿ ಕೂರುವುದು ಹೇಗೆ? ಅದಕ್ಕೆ ಬೇರೆ ಮಂದಿರ ಕಟ್ಟಿಸಿಕೊಟ್ಟರು. ಅದನ್ನು ದಾನ ಅಂತ ಬರೆದುಕೊಂಡರು. ನಾನು ಅದನ್ನು ಹೊಲಗೇರಿ ಅಂತ ಓದುತ್ತೇನೆ.

ತಿರುನೆಲ್ವೇಲಿ ಸೀಮೆಯ ವಡಕ್ಕನ್‌ಕುಳದಲ್ಲಿ 1872ರಲ್ಲಿ ಎದ್ದ ಕ್ಯಾಥೊಲಿಕ್ ಚರ್ಚಿನ ನಕ್ಷೆ ಕೇಳಿ. ಪೂಜೆಯ ಪೀಠ ಒಂದು, ಅಲ್ಲಿಂದ ಕವಲೊಡೆದ ಎರಡು ಅಂಕಣ. ಒಂದರಲ್ಲಿ ವೆಳ್ಳಾಳರು, ಇನ್ನೊಂದರಲ್ಲಿ ನಾಡಾರರು. ನೋಡಿದರೆ ಪ್ಯಾಂಟಿನ ಎರಡು ಕಾಲು ಇದ್ದಂತೆ. ಜನ ಅದನ್ನು ಪ್ಯಾಂಟ್ ಚರ್ಚು ಅಂತಲೇ ಕರೆದರು. ನಡುವಿನ ಗೋಡೆ 1910ರಲ್ಲಿ ಬಿತ್ತು. ವೆಳ್ಳಾಳರು ಕೋರ್ಟಿಗೆ ಹೋದರು. ಮದ್ರಾಸ್ ಹೈಕೋರ್ಟು ಅವರ ವಾದ ಒಪ್ಪಲಿಲ್ಲ. ಬೆಂಕಿಗೆ ಹೆದರದ ಕಟ್ಟಡ ಕಟ್ಟಿದರು ಸರಿ, ಜಾತಿಯನ್ನು ಗಾರೆಯ ಜೊತೆಗೇ ಕಲೆಸಿ ಕಟ್ಟಿದರು.

ಪೊಯ್ಕಯಿಲ್ ಯೋಹನ್ನಾನ್ (1879–1939) ಹುಟ್ಟಿದ್ದು ಸಿರಿಯನ್ ಕ್ರೈಸ್ತ ಒಡೆಯರ ಕೆಳಗೆ ಗುಲಾಮರಾಗಿದ್ದ ಕುಟುಂಬದಲ್ಲಿ. ಮಾರ್ತೋಮಾ ಸಭೆಗೆ ಸೇರಿದರು. ದಲಿತ ಕ್ರೈಸ್ತನೊಬ್ಬನ ಹೆಣಕ್ಕೆ ಸಭೆಯ ಸ್ಮಶಾನದಲ್ಲಿ ಜಾಗ ಸಿಗದಿದ್ದಾಗ ಹೊರಬಂದರು. ಬೇರೆ ಸಭೆಗೆ ಹೋದರು, ಅಲ್ಲಿಯೂ ಜಾತಿ ಕಂಡು ಹೊರಬಂದರು. 1909ರಲ್ಲಿ ಪ್ರತ್ಯಕ್ಷ ರಕ್ಷಾ ದೈವ ಸಭೆ ಕಟ್ಟಿದರು. ತನ್ನ ಜನರ ದುಡ್ಡಿನಲ್ಲಿ ನೆಲ ಕೊಂಡರು, ಶಾಲೆ ತೆರೆದರು. 1921ರಲ್ಲಿಯೂ 1931ರಲ್ಲಿಯೂ ಶ್ರೀಮೂಲಂ ಪ್ರಜಾಸಭೆಯಲ್ಲಿ ಕೂತು ಜಮೀನು ಕೇಳಿದರು, ಓದು ಕೇಳಿದರು. ಮತಾಂತರವಾದ ಅಸ್ಪೃಶ್ಯರ ಪರವಾಗಿ ಚರ್ಚು ಹೋರಾಡಲಿಲ್ಲ ಎಂದು ಬಾಬಾಸಾಹೇಬರು ಬರೆದದ್ದನ್ನು ಓದಿದವರಿಗೆ ಯೋಹನ್ನಾನರ ಸಿಟ್ಟು ಹೊಸದಲ್ಲ. ಸೂರು ಕೊಟ್ಟವರು ಸಮಾನತೆಯನ್ನೂ ಕೊಡುತ್ತಾರೆಂದು ಕಾಯಬಾರದು, ಇದು ಆ ಸಿಟ್ಟಿನ ತಿರುಳು.

ಸುಟ್ಟ ಬೆಂಚು

ಬೆಂಕಿಗೆ ಚರ್ಚು ಒಂದೇ ಕಣ್ಣಿಗೆ ಬಿದ್ದಿತ್ತು ಅಂದುಕೊಳ್ಳಬೇಡಿ. 1914ರಲ್ಲಿ ಅಯ್ಯನ್‌ಕಾಳಿ ಪಂಚಮಿ ಎಂಬ ಪುಲಯ ಹುಡುಗಿಯ ಕೈ ಹಿಡಿದು ಊರೂಟ್ಟಂಬಲಂ ಶಾಲೆಗೆ ಸೇರಿಸಲು ಹೋದರು. ಅದು ಚರ್ಚಲ್ಲ. ಏಸುವಿನ ಹೆಸರಿಲ್ಲ. ವಿದೇಶಿ ಹಣವಿಲ್ಲ. ಸರ್ಕಾರಿ ಶಾಲೆ. ಹುಡುಗಿ ಬೆಂಚಿನ ಮೇಲೆ ಕೂತಳು. ಮೇಲುಜಾತಿಯವರು ಶಾಲೆಗೇ ಬೆಂಕಿ ಇಟ್ಟರು. ಸುಟ್ಟು ಉಳಿದ ಒಂದು ಬೆಂಚನ್ನು ಆ ಶಾಲೆಯಲ್ಲಿ ಇಟ್ಟುಕೊಂಡಿದ್ದಾರೆ. ಮತಾಂತರದ ಮೇಲಿನ ಸಿಟ್ಟಿನಿಂದ ಮಂದಿರ ಸುಡುತ್ತೇವೆ ಅನ್ನುವವರಿಗೆ ಆ ಬೆಂಚು ತೋರಿಸಬೇಕು. ಅವರ ಸಿಟ್ಟು ದೇವರ ಮೇಲಲ್ಲ. ನಾವು ಕೂತದ್ದರ ಮೇಲೆ.

2008ರ ಆಗಸ್ಟಿನಲ್ಲಿ ಒಡಿಶಾದ ಕಂಧಮಾಲ್‌ನಲ್ಲಿ ನೂರಾರು ಪ್ರಾರ್ಥನಾ ಮಂದಿರಗಳು ಸುಟ್ಟವು, ನಾಶವಾದವು. ಸುಡಿಸಿಕೊಂಡವರು ಹೆಚ್ಚಿನವರು ಪಾಣ ಎಂಬ ದಲಿತರು, ಕಂಧ ಆದಿವಾಸಿಗಳು. ಮುಂದಿನ ತಿಂಗಳೇ ನಮ್ಮ ಮಂಗಳೂರು, ಉಡುಪಿ ಕಡೆ ದಾಳಿ ನಡೆಯಿತು. 2022ರಲ್ಲಿ ಕರ್ನಾಟಕಕ್ಕೆ ಮತಾಂತರದ ಕಾಯಿದೆ ಬಂತು. ಹೊರದೇಶದ ದೇಣಿಗೆಗೆ 1976ರಿಂದಲೇ ಕಾಯಿದೆ ಇದೆ, 2010ರಲ್ಲಿ ಹೊಸದು ಬಂತು, 2020ರಲ್ಲಿ ಇನ್ನಷ್ಟು ಬಿಗಿಯಾಯಿತು. ದುಡ್ಡಿನ ಲೆಕ್ಕ ಕೇಳುವುದಕ್ಕೆ ನನ್ನ ತಕರಾರಿಲ್ಲ. ಕೇಳಲಿ. ಎಲ್ಲರನ್ನೂ ಕೇಳಲಿ. ನಮ್ಮ ತೆರಿಗೆಯಿಂದ ಮುಜರಾಯಿ ದೇವಸ್ಥಾನಗಳಿಗೆ ತಸ್ತೀಕು ಹೋಗುತ್ತದೆ, ಆ ದೇವಸ್ಥಾನಗಳಲ್ಲಿ ನಮ್ಮವರು ಬಾಗಿಲ ಹೊರಗೆ ನಿಲ್ಲುವ ಊರುಗಳು ಎಷ್ಟಿವೆ, ಅದನ್ನೂ ಕೇಳಲಿ. ಸುಟ್ಟವನ ಸೀಮೆಎಣ್ಣೆಗೆ ದುಡ್ಡು ಯಾರು ಕೊಟ್ಟರು, ಅದನ್ನೂ ಕೇಳಲಿ.

ಇನ್ನೂ ಒಂದು ಲೆಕ್ಕ ಬಾಕಿ ಇದೆ. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವನು ಪರಿಶಿಷ್ಟ ಜಾತಿಯವನಲ್ಲ. 1956ರಲ್ಲಿ ಸಿಖ್ಖರನ್ನು ಸೇರಿಸಿದರು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರಾದ ದಲಿತರು, ಮುಸ್ಲಿಮರಾದ ದಲಿತರು ಹೊರಗೇ ಉಳಿದರು. ಊರಿನ ಕಣ್ಣಿಗೆ ಚಿಕ್ಕಪ್ಪ ಹೊಲೆಯ, ಚರ್ಚಿನ ಕೊನೆಯ ಬೆಂಚಿಗೆ ಹೊಲೆಯ, ತಾಲ್ಲೂಕು ಕಚೇರಿಯ ಕಾಗದದಲ್ಲಿ ಮಾತ್ರ ಅಲ್ಲ!

ಹಳ್ಳಿಶಾಲೆಯ ಮೇಷ್ಟ್ರುಗಳಿಗೆ, ಓದುವ ಗೆಳೆಯರಿಗೆ ನನ್ನದೊಂದು ಕೋರಿಕೆ. ನಿಮ್ಮ ಊರಿನ ಕೇರಿಯಲ್ಲಿ ಇರುವ ಕಟ್ಟಡಗಳ ಲೆಕ್ಕ ಬರೆದಿಡಿ. ಭಜನೆ ಮನೆ, ಅಂಬೇಡ್ಕರ್ ಭವನ, ಮಾರಿಗುಡಿ, ಚರ್ಚು, ಯಾವುದಾದರೂ ಸರಿ. ನೆಲ ಯಾರ ಹೆಸರಿನಲ್ಲಿದೆ? ದುಡ್ಡು ಯಾರದು? ಮಣ್ಣು ಹೊತ್ತವರು ಯಾರು? ಕಲ್ಲಿನ ಮೇಲೆ ಹೆಸರು ಯಾರದು? ಕೀಲಿಕೈ ಎಲ್ಲಿದೆ? ಯಾರಾದರೂ ಒಮ್ಮೆ ಕೆಡವಿದ್ದರೆ ಆ ದಿನಾಂಕವನ್ನೂ ಬರೆಯಿರಿ. ಇನ್ನೂರು ವರ್ಷಗಳ ಹಿಂದಿನ ಬೆಂಕಿಯ ಲೆಕ್ಕ ನಮಗೆ ಮಿಷನ್ನಿನವರ ಪುಸ್ತಕದಿಂದ ಸಿಕ್ಕಿತು. ಇವತ್ತಿನದನ್ನು ನಾವೇ ಬರೆದುಕೊಳ್ಳಬೇಕು.

ಚಿಕ್ಕಪ್ಪನ ಕೇರಿಯವರು ಈಗ ಭಾನುವಾರ ಚಿಕ್ಕಪ್ಪನ ಜಗಲಿಯ ಮೇಲೆ ಸೇರುತ್ತಾರೆ. ಮಳೆ ಬಂದರೆ ಅರ್ಧ ಜನ ನೆನೆಯುತ್ತಾರೆ. ಮೊಣಕಾಲುಮಟ್ಟದ ಗೋಡೆಯ ಮೇಲೆ ಮಕ್ಕಳು ಕೂತು ಆಡುತ್ತವೆ. ಸಂಘದ ಸಾಲ ಇನ್ನೂ ತೀರಿಲ್ಲ. ಹೋದ ತಿಂಗಳು ಊರಿಗೆ ಹೋದಾಗ ಚಿಕ್ಕಮ್ಮ ಸೆರಗಿನ ಗಂಟು ಬಿಚ್ಚಿ ಕಂತಿನ ದುಡ್ಡು ಎಣಿಸುತ್ತಾ ಕೂತಿದ್ದಳು. "ಇಲ್ಲದ ಗೋಡೆಗೆ ಯಾಕವ್ವ ಕಟ್ತೀಯ?" ಅಂದೆ. ಎಣಿಕೆ ನಿಲ್ಲಿಸದೆ ಅಂದಳು: "ಅರ್ಧ ನಿಂತದಲ್ಲಪ್ಪ ಮಗ."